ಕೊನೆಯ ಡೈವ್ ಎಷ್ಟು ಹೊತ್ತಿಗೆ?

ಫೋನ್ ಬಂದಾಗ ತಾಂಜಾನಿಯಾದ ಜಂಜಿಬಾರ್‌ನಲ್ಲಿ ಬೆಳಿಗ್ಗೆ ಏಳೂವರೆ, ಜಯನಗರದ ನಮ್ಮ ಟ್ರಾವೆಲ್ ಆಫೀಸಿನಲ್ಲಿ ಹತ್ತು ಗಂಟೆ. "ಮೇಡಂ, ಇವರು ನಮ್ಮನ್ನ ದೋಣಿ ಹತ್ತಿಸ್ತಾ ಇಲ್ಲ. ನಾಳೆ ಎಷ್ಟೊತ್ತಿಗೆ ಫ್ಲೈಟ್ ಅಂತ ಕೇಳಿದ್ರು. ಬೆಳಿಗ್ಗೆ ಏಳು ಗಂಟೆಗೆ ಅಂದೆ. ಹಾಗಾದ್ರೆ ಇವತ್ತು ನೀರಿಗಿಳಿಯೋ ಹಾಗಿಲ್ಲ ಅಂತಾರೆ."

ಮೈಸೂರಿನ ದಂಪತಿ. ಗಂಡ ಬ್ಯಾಂಕಿನಲ್ಲಿ, ಹೆಂಡತಿ ಹೈಸ್ಕೂಲ್ ಟೀಚರ್. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ರುಚಿ ಹತ್ತಿಸಿಕೊಂಡು, ಆಮೇಲೆ 18 ಮೀಟರ್ ಆಳದವರೆಗೆ ಇಳಿಯಬಹುದಾದ ಓಪನ್ ವಾಟರ್ ಕಾರ್ಡ್ ಮಾಡಿಸಿಕೊಂಡಿದ್ದರು. ಮೂರು ವರ್ಷ ಚೀಟಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ ಆ ಪ್ರವಾಸ. ಮೊದಲು ಜಂಜಿಬಾರ್‌ನಲ್ಲಿ ಎರಡು ದಿನ ಡೈವಿಂಗ್, ಆಮೇಲೆ ಅರುಷಾಕ್ಕೆ ವಿಮಾನ, ಅಲ್ಲಿಂದ ಸಫಾರಿ. ಈ ಕ್ರಮ ಹಾಕಿದವಳು ನಾನು. ಹೀಗೆ ಹಾಕಿದರೆ ಟಿಕೆಟ್ ಅಗ್ಗವಾಗುತ್ತಿತ್ತು ಅನ್ನೋದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಎರಡನೇ ದಿನದ ಮ್ನೆಂಬಾ ದ್ವೀಪದ ಡೈವ್‌ಗಳಿಗಾಗಿಯೇ ಅವರು ಅಷ್ಟು ದೂರ ಹೋಗಿದ್ದು. ಅವೆರಡೂ ಕೈತಪ್ಪಿದವು. ಕಟ್ಟಿದ ಹಣವನ್ನು ನಮ್ಮ ಆಫೀಸು ವಾಪಸ್ ಕೊಟ್ಟಿತು. ಆ ದಿನವನ್ನು ವಾಪಸ್ ಕೊಡಲು ನನ್ನಿಂದ ಆಗಲಿಲ್ಲ.

ಇನ್‌ಸ್ಟ್ರಕ್ಟರ್ ಮಾಡಿದ್ದು ನೂರಕ್ಕೆ ನೂರು ಸರಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ವಿಮಾನ ಹತ್ತಿ ಹೊರಗಿನ ಒತ್ತಡ ಇನ್ನೂ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಒಳಗೇ ಗುಳ್ಳೆ ಏಳುತ್ತದೆ. ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಲಕ್ವ. ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಲೆಕ್ಕ ಇದು: ಒಂದೇ ಸಾಮಾನ್ಯ ಡೈವ್ ಆಗಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ಎಷ್ಟೋ ಡೈವ್ ಶಾಪ್‌ಗಳು 24 ಗಂಟೆಗಿಂತ ಕಡಿಮೆಗೆ ಒಪ್ಪುವುದೇ ಇಲ್ಲ. ನಾನೂ ಈಗ 24ನ್ನೇ ಹಿಡಿಯುತ್ತೇನೆ.

ಪಾಠ ಕಲಿತೆ ಅಂದುಕೊಂಡೆ. ಆದರೆ ಅರ್ಧ ಮಾತ್ರ ಕಲಿತಿದ್ದೆ.

ಮರುವರ್ಷ ಕೀನ್ಯಾ ಕೇಳಿಕೊಂಡು ನಾಲ್ಕು ಜನ ಹುಡುಗರು ಬಂದರು. ಮೊಂಬಾಸಾ ಹತ್ತಿರದ ದಿಯಾನಿ ಬೀಚಿನಲ್ಲಿ ಡೈವಿಂಗ್, ಆಮೇಲೆ ಮಸಾಯಿ ಮಾರಾ. ಈ ಸಲ ವಿಮಾನದ ಗೊಡವೆಯೇ ಬೇಡ ಅಂತ ಮೊಂಬಾಸಾದಿಂದ ನೈರೋಬಿಗೆ ರೈಲು ಹಾಕಿದೆ. 2017ರಲ್ಲಿ ಶುರುವಾದ ಮಡರಾಕಾ ಎಕ್ಸ್‌ಪ್ರೆಸ್ ಒಳ್ಳೆಯ ರೈಲು, ಟಿಕೆಟ್ ಅಗ್ಗ, ತ್ಸಾವೋ ಕಾಡಿನ ನಡುವೆ ಹೋಗುವಾಗ ಕೆಂಪು ಮಣ್ಣು ಮೈಗೆ ಬಳಿದುಕೊಂಡ ಆನೆಗಳು ಕಿಟಕಿಯಿಂದಲೇ ಕಂಡರೂ ಕಾಣಬಹುದು. ಬೆಳಿಗ್ಗೆ ಡೈವ್, ಮಧ್ಯಾಹ್ನ ರೈಲು. ಹೆಮ್ಮೆಯಿಂದ ಪ್ಲಾನ್ ತೆಗೆದುಕೊಂಡು ಹೋಗಿ ನಮ್ಮ ಸೀನಿಯರ್ ಟೇಬಲ್ ಮೇಲಿಟ್ಟೆ. ಅವರು ಕನ್ನಡಕ ಮೇಲೇರಿಸಿ ಒಂದೇ ಪ್ರಶ್ನೆ ಕೇಳಿದರು.

"ನೈರೋಬಿ ಎಷ್ಟು ಎತ್ತರದಲ್ಲಿದೆಯಮ್ಮಾ?"

ಸುಮಾರು 1,700 ಮೀಟರ್. ಮೊಂಬಾಸಾ ಸಮುದ್ರ ಮಟ್ಟದಲ್ಲಿದೆ. ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು. ಅಂದರೆ ಆ ಹುಡುಗರನ್ನು ನಾನು ಐದಾರು ಗಂಟೆಯಲ್ಲಿ ರೈಲಿನಲ್ಲೇ ಹೆಚ್ಚುಕಡಿಮೆ ವಿಮಾನದೆತ್ತರಕ್ಕೆ ಹತ್ತಿಸಲು ಹೊರಟಿದ್ದೆ. ತಾಂಜಾನಿಯಾದಲ್ಲಿ ಇದು ಇನ್ನೂ ಜೋರು. ಸಫಾರಿಗೆ ಹೋಗುವ ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚು ಸುಮಾರು 2,300 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ನಾನು ವಿಮಾನವನ್ನು ನೋಡುತ್ತಿದ್ದೆ, ನೋಡಬೇಕಾಗಿದ್ದದ್ದು ಎತ್ತರವನ್ನು. (ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಅದೇ ರಾತ್ರಿ ಬೆಂಗಳೂರು ಬಸ್ ಹತ್ತುವವರೂ ಘಟ್ಟ ಹತ್ತಿ 900 ಮೀಟರಿಗೆ ಬರುತ್ತಾರೆ. ಹೊರಡುವ ಮುಂಚೆ ಇನ್‌ಸ್ಟ್ರಕ್ಟರನ್ನು ಕೇಳಿ, ದಯವಿಟ್ಟು.)

ಅಂದಿನಿಂದ ನನ್ನ ಪ್ಲಾನ್‌ಗಳೆಲ್ಲ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ: ಮೊದಲು ಕಾಡು, ಆಮೇಲೆ ಕಡಲು, ಕೊನೆಗೆ ನೀರಿಗಿಳಿಯದ ಒಂದು ಒಣ ದಿನ.

ಬಜೆಟ್ ಕಡಿಮೆ ಇರುವವರು ಮೊದಲು ಕತ್ತರಿಸುವುದೇ ಆ ಒಣ ದಿನವನ್ನು. ನಾನು ಬಿಡುವುದಿಲ್ಲ. ಅದರ ಬದಲು ದುಡ್ಡು ನಿಜವಾಗಿ ಸೋರುವ ಜಾಗ ತೋರಿಸುತ್ತೇನೆ. ಗೊರೊಂಗೊರೊ ಕುಳಿಗೆ ಒಂದು ಜೀಪು ಇಳಿಯಲು ನಾನು ಕಡೆಯ ಸಲ ಕಟ್ಟಿಸಿದ್ದು ತೆರಿಗೆ ಸೇರಿ 295 ಡಾಲರ್. ಇದು ತಲೆಗಲ್ಲ, ಗಾಡಿಗೆ. ಇಬ್ಬರೇ ಹೋದರೆ ತಲೆಗೆ ಸುಮಾರು 148, ಆರು ಜನ ಸೇರಿದರೆ 49. ಹಾಗಾಗಿ ಬೇರೆ ಪ್ರವಾಸಿಗರ ಜೊತೆ ಲ್ಯಾಂಡ್ ಕ್ರೂಸರ್ ಹಂಚಿಕೊಳ್ಳಿ ಅನ್ನುತ್ತೇನೆ. ರಾತ್ರಿ ಉಳಿಯಲು ಪಾರ್ಕಿನ ಒಳಗೆ ಬೇಡ, ಹೊರಗೆ ಕರಾಟು ಅಥವಾ ಮ್ಟೊ ವಾ ಮ್ಬುವಿನಂಥ ಊರು ಸಾಕು. ಇನ್ನು ಸೆರೆಂಗೆಟಿ. ಕರಾಟು ಕಡೆಯಿಂದ ಅಲ್ಲಿಗೆ ಹೋಗುವ ರಸ್ತೆ ಗೊರೊಂಗೊರೊ ಪ್ರದೇಶದ ಮೂಲಕವೇ ಹಾದುಹೋಗುತ್ತದೆ, ಬರೀ ದಾಟಿ ಹೋಗುವುದಕ್ಕೂ ಆ ಪ್ರದೇಶದ ಪ್ರವೇಶ ಶುಲ್ಕ ಕಟ್ಟಬೇಕು, ಬರುವಾಗ ಮತ್ತೆ ಕಟ್ಟಬೇಕು. ಮೂರೇ ದಿನ ಇರುವವರಿಗೆ ಸೆರೆಂಗೆಟಿ ಬಿಡಿ ಎಂದು ನೇರವಾಗಿ ಹೇಳುತ್ತೇನೆ. ಎಷ್ಟೋ ಜನರಿಗೆ ಬೇಜಾರಾಗುತ್ತದೆ, ಟಿವಿಯಲ್ಲಿ ನೋಡಿದ ನದಿ ದಾಟುವ ವಿಲ್ಡಬೀಸ್ಟ್ ಹಿಂಡೇ ಅವರ ಕಣ್ಣಲ್ಲಿರುತ್ತದೆ. ಆದರೆ ಒಣಗಾಲದಲ್ಲಿ ತರಂಗಿರೆ ಪಾರ್ಕಿನ ನದಿಯ ದಂಡೆಗೆ ನೀರಿಗಾಗಿ ಬರುವ ಆನೆ ಹಿಂಡು ನೋಡಿದವರು ಯಾರೂ ಇದುವರೆಗೆ ನನ್ನ ಹತ್ತಿರ ಮೋಸವಾಯಿತು ಅಂದಿಲ್ಲ. ಅಲ್ಲಿನ ಬಾವೊಬಾಬ್ ಮರಗಳನ್ನು ಕಂಡು ಹಾವೇರಿ ಕಡೆಯವರೊಬ್ಬರು ಖುಷಿಯಿಂದ ಮೆಸೇಜ್ ಮಾಡಿದ್ದರು, "ಇದು ನಮ್ಮ ಸವಣೂರಿನ ದೊಡ್ಡ ಹುಣಸೆ ಅಲ್ಲೇನ್ರೀ!" ಹೌದು, ಅದೇ ಮರ.

ತಿಂಗಳ ವಿಷಯದಲ್ಲೂ ಗಟ್ಟಿ ನಿಲ್ಲುತ್ತೇನೆ. ನಮ್ಮ ಮಕ್ಕಳ ಬೇಸಿಗೆ ರಜೆ ಬರುವ ಏಪ್ರಿಲ್, ಮೇ ಅಲ್ಲಿ ಮಸಿಕಾ, ಅಂದರೆ ದೊಡ್ಡ ಮಳೆ. ಆಗ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ರಸ್ತೆ ಕೆಸರು, ಸಮುದ್ರ ಕಲಕಿರುತ್ತದೆ. ದಸರಾ ರಜೆಯೇ ಸರಿ. ಕಾಡು ಇನ್ನೂ ಒಣಗಿರುತ್ತದೆ, ಜಂಜಿಬಾರ್‌ನ ನೀರು ತಿಳಿಯಾಗಿರುತ್ತದೆ.

ಹಣ ಉಳಿಸಲೇಬಾರದ ಕಡೆಗಳೂ ಇವೆ. ಯೆಲ್ಲೋ ಫೀವರ್ ಲಸಿಕೆಯ ಸರ್ಟಿಫಿಕೇಟು ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಊರ್ಜಿತ. ಅದಿಲ್ಲದೆ ಕೀನ್ಯಾದಂಥ ಯೆಲ್ಲೋ ಫೀವರ್ ಇರುವ ದೇಶದಿಂದ ವಾಪಸ್ ಬಂದರೆ ಭಾರತದಲ್ಲಿ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮಲೇರಿಯಾ ಮಾತ್ರೆ ಬರೆಸುವಾಗ ಡೈವಿಂಗ್ ಮಾಡುತ್ತೇನೆ ಎಂದು ಡಾಕ್ಟರಿಗೆ ಹೇಳಲೇಬೇಕು. ಮೆಫ್ಲೋಕ್ವಿನ್ ಎಂಬ ಮಾತ್ರೆಯಿಂದ ತಲೆಸುತ್ತು, ಗಾಬರಿ ಬರಬಹುದು, ಡೈವಿಂಗ್ ಕಾಯಿಲೆಯ ಲಕ್ಷಣಗಳೂ ಹಾಗೇ ಇರುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಬೇರೆ ಮಾತ್ರೆಗಳಿವೆ. 2024ರ ಅಕ್ಟೋಬರ್‌ನಿಂದ ಜಂಜಿಬಾರ್‌ಗೆ ಹೋಗುವ ವಿದೇಶಿಯರು ಅಲ್ಲಿಯದೇ 44 ಡಾಲರ್‌ನ ವಿಮೆ ಮಾಡಿಸುವುದು ಕಡ್ಡಾಯ. ಅದಿದೆಯಲ್ಲ ಎಂದು ಸುಮ್ಮನಾಗಬೇಡಿ, ನಿಮ್ಮ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದು ಸಣ್ಣಕ್ಷರದ ಕಡೆ ಬೆರಳಿಟ್ಟು ಓದಿ.

ಮೈಸೂರಿನ ಆ ಟೀಚರ್ ಕಳೆದ ದಸರಾಕ್ಕೆ ಮತ್ತೆ ನಮ್ಮ ಆಫೀಸಿಗೇ ಬಂದರು. ತರಂಗಿರೆ, ಗೊರೊಂಗೊರೊ, ಆಮೇಲೆ ಮ್ನೆಂಬಾ. ಕೊನೆಯ ಡೈವ್ ಮುಗಿಸಿದ ದಿನ ಸ್ಟೋನ್ ಟೌನಿನ ಅಗ್ಗದ ಲಾಡ್ಜಿನ ತಾರಸಿಯಿಂದ ಫೋಟೋ ಕಳಿಸಿದ್ದರು. ಹಗ್ಗದ ಮೇಲೆ ಎರಡು ವೆಟ್‌ಸೂಟ್ ಒಣಗುತ್ತಿದ್ದವು. ಕೆಳಗೆ ಒಂದೇ ಸಾಲು: "ಮೇಡಂ, ಆಮೆ ನೋಡಿದ್ವಿ. ನಾಳೆ ಸಂಜೆ ಫ್ಲೈಟ್, ಅಷ್ಟೊತ್ತಿಗೆ 29 ಗಂಟೆ ಆಗಿರುತ್ತೆ, ಲೆಕ್ಕ ಹಾಕಿದೀನಿ."