ಮನೆ ಎಲ್ಲಿದೆಯೋ ಶಾಲೆಯೂ ಅಲ್ಲೇ

ಮಗಳು, ಅಳಿಯ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿ ಮನೆ ಕೊಳ್ಳಲು ಹುಡುಕುತ್ತಿದ್ದಾರೆ. ತುಮಕೂರಿನಲ್ಲಿ ಕೂತ ನನಗೆ ವಾಟ್ಸಾಪಿನಲ್ಲಿ ಫೋಟೊಗಳು ಬರುತ್ತಲೇ ಇರುತ್ತವೆ. ಮೊನ್ನೆ ಬಂದದ್ದು ತುಂಬಾ ಹಿಡಿಸಿತು. ಬೆಳಕು ತುಂಬಿದ ಅಡುಗೆಮನೆ, ಹಿತ್ತಲಲ್ಲಿ ನಿಂಬೆಗಿಡ, ಬೆಲೆಯೂ ಕೈಗೆಟುಕುವಂಥದ್ದು.

"ಬೇಡಮ್ಮ, ಅಲ್ಲಿ ಸ್ಕೂಲಿಗೆ ಹತ್ತಕ್ಕೆ ನಾಲ್ಕೇ" ಅಂದಳು.

ಅಲ್ಲಿ ಮನೆ ಮಾರುವ ವೆಬ್‌ಸೈಟುಗಳಲ್ಲಿ ರೂಮುಗಳ ಲೆಕ್ಕದ ಜೊತೆಗೆ ಆ ಬಡಾವಣೆಯ ಸರ್ಕಾರಿ ಶಾಲೆಯ ಅಂಕವೂ ಇರುತ್ತದೆ. ಮಗು ಸಾಮಾನ್ಯವಾಗಿ ಮನೆ ಇರುವ ಕಡೆಯ ಶಾಲೆಗೇ ಹೋಗಬೇಕು. ಹಾಗಾಗಿ ಫೀಸಿಲ್ಲದ ಶಾಲೆಗೂ ಅಪ್ಪ ಅಮ್ಮ ಮನೆಯ ಬೆಲೆಯಲ್ಲೇ ಫೀಸು ಕಟ್ಟಿರುತ್ತಾರೆ.

ಇದರ ಬೇರು ಆಸ್ತಿ ತೆರಿಗೆಯಲ್ಲಿದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಪ್ರದೇಶದ ಮನೆ, ಜಾಗಗಳ ಕಂದಾಯದಿಂದಲೇ ಬರುತ್ತದೆ. ಮಗಳಿರುವ ಊರಿನಲ್ಲೇ, 1968ರಲ್ಲಿ, ಎಡ್ಜ್‌ವುಡ್ ಎಂಬ ಬಡ ಪ್ರದೇಶದ ಡಿಮೆಟ್ರಿಯೊ ರೊಡ್ರಿಗಸ್ ಮತ್ತಿತರ ಪೋಷಕರು ಇದರ ವಿರುದ್ಧ ಕೋರ್ಟಿಗೆ ಹೋದರು. ಅವರು ನೂರು ಡಾಲರ್ ಆಸ್ತಿಗೆ 1.05 ಡಾಲರ್ ದರದಲ್ಲಿ ತೆರಿಗೆ ಕಟ್ಟಿದರೂ ಅದರಿಂದ ಒಂದು ಮಗುವಿಗೆ ಸಿಗುತ್ತಿದ್ದದ್ದು 26 ಡಾಲರ್. ಪಕ್ಕದ ಸಿರಿವಂತರ ಅಲಾಮೋ ಹೈಟ್ಸ್‌ನಲ್ಲಿ ದರ ಬರೀ 0.85, ಮಗುವಿಗೆ 333 ಡಾಲರ್! ಸರ್ಕಾರದ ನೆರವು ಸೇರಿಸಿದ ಮೇಲೂ 356 ಮತ್ತು 594. ಬಡವರೇ ಹೆಚ್ಚು ದರ ತೆತ್ತು ಕಡಿಮೆ ಪಡೆದರು. ಈ ಲೆಕ್ಕ ಓದಿದಾಗ ನನಗೆ ಹೊಟ್ಟೆ ಉರಿದುಹೋಯಿತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರಲ್ಲಿ ಅವರ ವಾದ ತಳ್ಳಿಹಾಕಿತು. ಶಿಕ್ಷಣವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. 1989ರಲ್ಲಿ ಟೆಕ್ಸಸ್ ರಾಜ್ಯದ ಸುಪ್ರೀಂ ಕೋರ್ಟು ರಾಜ್ಯದ ಈ ವ್ಯವಸ್ಥೆ ತಪ್ಪೆಂದಿತು. 1993ರ ಕಾನೂನಿನಿಂದ ಸಿರಿವಂತ ಪ್ರದೇಶಗಳು ತಮ್ಮ ದುಡ್ಡಿನಲ್ಲಿ ಬಡ ಪ್ರದೇಶಗಳಿಗೆ ಪಾಲು ಕೊಡುವಂತಾಯಿತು. ಆದರೂ ಜನ ಮನೆ ಹುಡುಕುವ ರೀತಿ ಬದಲಾಗಿಲ್ಲ.

ನಾನು ಗುಬ್ಬಿ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಸಂಬಳ ರಾಜ್ಯದ ಖಜಾನೆಯಿಂದ ಬರುತ್ತಿತ್ತು. ಪಾವಗಡದ ಬಡ ಹಳ್ಳಿಯ ಮೇಷ್ಟ್ರಿಗೂ ತುಮಕೂರು ಪೇಟೆಯ ಮೇಷ್ಟ್ರಿಗೂ ಒಂದೇ ವೇತನ ಶ್ರೇಣಿ, ಊರಿನ ಮನೆ ಕಂದಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲೂ ಅಂತರ ಇದೆ, ಬೆಳಗಾದರೆ ಹಳ್ಳಿಹಳ್ಳಿಗೂ ಪ್ರೈವೇಟ್ ಶಾಲೆಯ ವ್ಯಾನು ಬರುತ್ತದೆ, ದುಡ್ಡಿದ್ದವರ ಮಕ್ಕಳು ಅದನ್ನು ಹತ್ತಿ ಹೋಗುತ್ತಾರೆ. ಆದರೆ ಉಳಿದ ಮಕ್ಕಳ ಶಾಲೆಯ ಭಾಗ್ಯವನ್ನು ಅವರ ಬೀದಿಯ ಮನೆಗಳ ಬೆಲೆ ತೀರ್ಮಾನಿಸುವುದಿಲ್ಲ.

ಹೋದ ಸಲ ಅಲ್ಲಿದ್ದಾಗ, ಮಗಳ ಮನೆ ಕ್ಲೀನ್ ಮಾಡಲು ಬರುತ್ತಿದ್ದಾಕೆ ರಜೆ ದಿನ ತನ್ನ ಹುಡುಗನನ್ನೂ ಕರೆತಂದಿದ್ದಳು. ನಮ್ಮ ಮೊಮ್ಮಗಳಷ್ಟೇ ವಯಸ್ಸು. ಇಬ್ಬರೂ ನೆಲದ ಮೇಲೆ ಕೂತು ಬಣ್ಣ ತುಂಬಿದರು, ಪೆನ್ಸಿಲಿಗೆ ಕಿತ್ತಾಡಿದರು, ಮತ್ತೆ ಒಂದಾದರು. ಅವರಿಬ್ಬರದೂ ಸರ್ಕಾರಿ ಶಾಲೆಯೇ, ಆದರೆ ಒಂದೇ ಬೆಂಚಿನಲ್ಲಿ ಕೂರುವ ದಾರಿಯೇ ಇಲ್ಲ.

ಮಗಳು ಈಗ ಇನ್ನೂ ಸಾಲ ಹೆಚ್ಚಿಸಿ ಎಂಟು ಅಂಕದ ಶಾಲೆ ಇರುವ ಕಡೆ ಚಿಕ್ಕ ಮನೆ ನೋಡುತ್ತಿದ್ದಾಳೆ. ತಾಯಿಯಾಗಿ ನಾನು ಬೇಡ ಅನ್ನಲಾರೆ. ಮೇಷ್ಟ್ರಾಗಿ ಮಾತ್ರ ನನಗೆ ಒಪ್ಪಿಗೆಯಿಲ್ಲ, ಅವಳಿಗೂ ಹಾಗೇ ಹೇಳಿದ್ದೇನೆ.