ನೀವೂ ಫಿಜಿಯೋನೇ ಅಲ್ವಾ?

ಅಲ್ಲ.

ಮದುವೆ ಮನೆಯಲ್ಲಿ, ಸಕಲೇಶಪುರದ ಬಸ್ಸಿನಲ್ಲಿ, ಹಾಸನಾಂಬೆ ದರ್ಶನದ ಸಾಲಿನಲ್ಲಿ, ಎಲ್ಲಾ ಕಡೆ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸ್ಯಾಪ್ ಮಾಡುತ್ತೇನೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಹಾಸನದ ಬಿ.ಎಂ. ರಸ್ತೆ ಹತ್ತಿರ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೆಲಸ. ಅಲ್ಲಿ ನಾವು ನಾಲ್ಕು ಜನ: ಫಿಜಿಯೋ, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ನಾನು. ಬಂದವರ ಲೆಕ್ಕದಲ್ಲಿ ಮಾತ್ರ ಒಬ್ಬ ಫಿಜಿಯೋ, ಅವನಿಗೆ ಮೂರು ಜನ ಅಸಿಸ್ಟೆಂಟು.

ಬೋರ್ಡ್ ಓದಿಕೊಂಡು ಬರುವವರು ಇನ್ನೂ ಕಷ್ಟ. ಹೋದ ವರ್ಷ ಒಬ್ಬ ಹುಡುಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಒಳಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಜಾತಿ ಸರ್ಟಿಫಿಕೇಟ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ. "ಆಕ್ಯುಪೇಷನ್ ಅಂದ್ರೆ ಕೆಲಸ ಅಲ್ವಾ ಮೇಡಮ್? ಇಲ್ಲಿ ಕೆಲಸ ಕೊಡಿಸ್ತಾರೆ ಅಂದ್ಕೊಂಡೆ." ಇಂಗ್ಲಿಷ್ ಸರಿಯಾಗಿಯೇ ಓದಿದ್ದ, ಪಾಪ. ಇಲ್ಲಪ್ಪ, ಇದು ಅದಲ್ಲ ಅಂದೆ. ಫೋಟೋ ಮತ್ತೆ ಕವರಿಗೆ ಹಾಕಿಕೊಂಡು, ಬಾಗಿಲ ಹತ್ತಿರ ನಿಂತು ಕೇಳಿದ: "ಹಂಗಾದ್ರೆ ನಿಮಗೇನ್ ಕೆಲಸ?"

ಮಣಿಪಾಲದಲ್ಲಿ ನಾಲ್ಕೂವರೆ ವರ್ಷ ಓದಿದವಳಿಗೆ ಆವತ್ತು ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ, ಕೇಳಪ್ಪ.

ಅರಕಲಗೂಡು ಕಡೆಯ ಒಬ್ಬ ಯಜಮಾನರು. ಆಲೂಗೆಡ್ಡೆ ಬೆಳೆಯುವವರು. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಬಲಭಾಗದ ಮೈಯನ್ನು ಆಡಿಸುವುದು ಎಡ ಮೆದುಳು. ಹೆಚ್ಚಿನವರಲ್ಲಿ ಮಾತೂ ಅದರದ್ದೇ. ಹಾಗಾಗಿ ಎರಡೂ ಒಟ್ಟಿಗೆ ಹೋಗುವುದು ಜಾಸ್ತಿ.

ಫಿಜಿಯೋ ಅವರನ್ನು ಎಬ್ಬಿಸಿ ಕೂರಿಸಿದ, ನಿಲ್ಲಿಸಿದ, ಕಂಬಿ ಹಿಡಿಸಿ ನಡೆಸಿದ. ಕಣ್ಣಿಗೆ ಕಾಣುವ ಕೆಲಸ. ಹೊಗಳಿಕೆ, ಹಲಸಿನ ಹಣ್ಣು ಎಲ್ಲಾ ಅವನಿಗೇ. ಹೊಟ್ಟೆಕಿಚ್ಚು ಅಂದುಕೊಳ್ಳಿ, ಪರವಾಗಿಲ್ಲ.

ಸ್ಪೀಚ್ ಥೆರಪಿಸ್ಟ್ ಓದಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ಅಂಥ ಸಂಸ್ಥೆ ಪಕ್ಕದ ಊರಲ್ಲೇ ಇದ್ದರೂ ನಮ್ಮ ಜನಕ್ಕೆ ಅವಳು ತೊದಲುವ ಮಕ್ಕಳಿಗೆ ಪಾಠ ಹೇಳುವ ಮಿಸ್ಸು. ಅವಳು ಮೊದಲು ನೋಡಿದ್ದು ಅವರ ನುಂಗುವಿಕೆಯನ್ನು. ಸ್ಟ್ರೋಕ್ ಆದವರಿಗೆ ಕುಡಿದ ನೀರು ಶ್ವಾಸಕೋಶದ ಕಡೆ ಇಳಿಯಬಹುದು. ಕೆಲವರಿಗೆ ಆಗ ಕೆಮ್ಮೂ ಬರುವುದಿಲ್ಲ. ನಾವೋ ಮುದ್ದೆಯನ್ನು ಅಗಿಯದೆ ನುಂಗುವ ಜನ. ಅವಳು ಹೂಂ ಅನ್ನುವವರೆಗೆ ಮುದ್ದೆ ಬಂದ್. ಇನ್ನು ಮಾತು. ಹೆಂಡತಿಯ ಹೆಸರು ಹೇಳಲು ಬರುತ್ತಿರಲಿಲ್ಲ, ಬೈಗುಳ ಮಾತ್ರ ಸಲೀಸಾಗಿ ಬರುತ್ತಿತ್ತು. ಮನೆಯವರಿಗೆ ನಾಚಿಕೆ, ಅವಳಿಗೆ ಖುಷಿ. ಬಾಯಿಪಾಠವಾದ ಎಣಿಕೆ, ಹಾಡು, ಬೈಗುಳ ಇಂಥವರಲ್ಲಿ ಎಷ್ಟೋ ಸಲ ಉಳಿದಿರುತ್ತದೆ. ಅಲ್ಲಿಂದಲೇ ಅವಳು ಶುರು ಮಾಡಿದಳು.

ಯಜಮಾನರು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಾಗ ಸೈಕಾಲಜಿಸ್ಟ್ ಬಂದಳು. "ನಮ್ಮಪ್ಪಂಗೆ ಹುಚ್ಚು ಹಿಡಿದಿಲ್ಲ" ಎಂದು ಮಗ ಜಗಳಕ್ಕೇ ನಿಂತ. ಅವಳು ಮಾತ್ರೆ ಕೊಡುವವಳಲ್ಲ. ಮಾತ್ರೆ ಬರೆಯುವುದು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮಾಡಿ ಮುಂದೆ ಓದಿದ ಡಾಕ್ಟರು. ಈ ವ್ಯತ್ಯಾಸವನ್ನು ಅವಳೇ ಬರೆಯಲಿ, ನನಗೆ ನನ್ನದೇ ಸಾಕು.

ನನ್ನದು ಶರ್ಟು, ಪಂಚೆ, ಚೊಂಬು, ತಟ್ಟೆ. ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವ ಹಾಗೆ ಕಲಿಸುವುದು. ಅದಕ್ಕೇ ಯಾರಿಗೂ ಕೆಲಸದ ಹಾಗೆ ಕಾಣುವುದಿಲ್ಲ. ಮಕ್ಕಳ ಜೊತೆ ಕೂತರಂತೂ "ಆಟ ಆಡಿಸೋಕೂ ಫೀಸಾ?" ಇದೇನೋ ಹೊಸ ಫ್ಯಾಷನ್ ಅನ್ನುವವರಿಗೆ: ಕಮಲಾ ನಿಂಬ್ಕರ್ ಎಂಬಾಕೆ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ಓದು ಶುರು ಮಾಡಿದ್ದು 1950ರಲ್ಲಿ. ಫಿಜಿಯೋದವರು ಬೇರೆ, ನಾವು ಬೇರೆ ಎಂದು 2021ರ ಕೇಂದ್ರದ ಕಾಯ್ದೆಯಲ್ಲೂ ಇದೆ. ಮದುವೆ ಮನೆಯಲ್ಲಿ ಕಾಯ್ದೆ ಯಾರು ಕೇಳ್ತಾರೆ, ಬಿಡಿ.

ಯಜಮಾನರಿಗೆ ಶರ್ಟು ಕಲಿಸಿದೆ. ತೊಡುವಾಗ ಬಿದ್ದ ಕೈ ಮೊದಲು ತೋಳಿಗೆ ಹೋಗಬೇಕು, ಬಿಚ್ಚುವಾಗ ಅದೇ ಕೈ ಕೊನೆಗೆ. ಒಂದೇ ಕೈಯಲ್ಲಿ ಕಟ್ಟಲು ಬರಲೆಂದು ಪಂಚೆಗೆ ವೆಲ್ಕ್ರೋ ಹೊಲಿಸಿದೆವು. ತಿಂಗಳುಗಳು ಕಳೆದ ಮೇಲೆ ಬಲಗೈ ಬೆರಳು ಸ್ವಲ್ಪ ಮಡಚತೊಡಗಿತು. ಹಿಸುಕಲಿ ಅಂತ ಥೆರಪಿ ಪುಟ್ಟಿ ಕೊಟ್ಟೆ. ಜೇಡಿಮಣ್ಣಿನ ಥರ ಇರುತ್ತದೆ. ಎರಡು ದಿನ ಹಿಸುಕಿ ಮೂಲೆಗೆಸೆದರು. ಅಷ್ಟೊತ್ತಿಗೆ ನುಂಗುವುದಕ್ಕೂ ಒಪ್ಪಿಗೆ ಸಿಕ್ಕಿತ್ತಲ್ಲ, ನಿಜವಾದ ಮುದ್ದೆಯನ್ನೇ ತನ್ನಿ ಅಂತ ಅವರ ಹೆಂಡತಿಗೆ ಹೇಳಿದೆ.

ಮಾರನೇ ದಿನ ಕ್ಯಾರಿಯರ್‌ನಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು ಬಂತು. ತಟ್ಟೆ ಜಾರದ ಹಾಗೆ ಅಡಿಗೆ ಒದ್ದೆ ಬಟ್ಟೆ ಹಾಸಿದೆ. ಬೆರಳು ಮುದ್ದೆಗೆ ತಾಗಿತು, ಜಾರಿತು. ಮತ್ತೆ ತಾಗಿತು. ಒಂದು ಚೂರು ಮುರಿಯಿತು, ಸಾರಿಗೆ ಅದ್ದುವಷ್ಟರಲ್ಲಿ ಬಿತ್ತು. ಐದನೇ ಸಲವೋ ಆರನೇ ಸಲವೋ ಇರಬೇಕು, ಆಯಮ್ಮನ ಕೈ ತಾನಾಗಿಯೇ ತಟ್ಟೆಗೆ ಹೋಯಿತು. ಮುರಿದು, ಉಂಡೆ ಮಾಡಿ, ಅದ್ದಿ, ಗಂಡನ ಬಾಯಿ ಹತ್ತಿರ ಹಿಡಿದರು.

"ಕೈ ತೆಗೀರಿ ಅಮ್ಮ" ಅಂದೆ. ಜೋರಾಗಿಯೇ ಅಂದೆ.

ಕಣ್ಣಲ್ಲಿ ನೀರು ಬಂತು ಅವರಿಗೆ. ಗಂಡನಿಗೆ ಅನ್ನ ತಿನ್ನಿಸೋದೂ ತಪ್ಪಾ? ನಾನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಆದರೆ ಮನೆಯಲ್ಲಿ ಮೂರು ಹೊತ್ತೂ ಅವರೇ ತಿನ್ನಿಸುತ್ತಿದ್ದರು, ಸೊಸೆ ಗುಂಡಿ ಹಾಕುತ್ತಿದ್ದಳು, ಮಗ ಚಪ್ಪಲಿ ತೊಡಿಸುತ್ತಿದ್ದ. ನನ್ನ ಹತ್ತಿರ ವಾರಕ್ಕೆ ಮೂರು ಗಂಟೆ. ಆ ಕೈಗೆ ಕೆಲಸವೇ ಕೊಡದಿದ್ದರೆ ಅದು ಕಲಿಯುವುದು ಯಾವಾಗ?

ನಾನು ಯಾರು ಅಂತ ಆಯಮ್ಮ ಒಂದು ಸಲವೂ ಕೇಳಲಿಲ್ಲ. ಮುಂದಿನ ವಾರ ಬಂದವರೇ ಕೇಳಿದ್ದು: "ಮನೇಲಿ ನಾನು ಏನೇನ್ ಮಾಡಬಾರ್ದು, ಹೇಳಿಬಿಡಿ ಮೇಡಮ್."

ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ಕುರ್ಚಿ ಎಳೆದು ಕೂರಿಸಿ ಹೇಳಿದೆ. ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೀಬೇಡಿ, ಭುಜದ ಕೀಲು ಸಡಿಲವಾಗಿರುತ್ತೆ, ನೋವು ಅಂಟಿಕೊಳ್ಳುತ್ತೆ. ಗುಂಡಿ ಹಾಕಬೇಡಿ, ಅರ್ಧ ಗಂಟೆ ಹಿಡಿದರೂ ಹಿಡೀಲಿ. ಅವರನ್ನ ಯಾರಾದರೂ ಏನಾದರೂ ಕೇಳಿದರೆ ನೀವು ಉತ್ತರ ಕೊಡಬೇಡಿ, ಅವರ ಬಾಯಿಂದಲೇ ಬರೋವರೆಗೆ ಕಾಯಿರಿ. ಬೈಗುಳ ಬಂದರೂ ಸರಿ.

"ಬೈದ್ರೆ ಬೈಲಿ ಬಿಡಿ" ಅಂದರು ಆಯಮ್ಮ. "ನಲವತ್ತು ವರ್ಷದಿಂದ ಬೈಸ್ಕೊಂಡಿದ್ದೀನಿ."