ಕೆಳಗಿನಿಂದ ಮೇಲೆ ಓದುವವರು

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಕಾಯುವ ಗಿರಾಕಿಗಳು ಮೊಬೈಲ್ ಹಿಡಿದೇ ನಿಂತಿರುತ್ತಾರೆ. ಸುದ್ದಿಯ ಶೀರ್ಷಿಕೆ ನೋಡಿ ಸೀದಾ ಕಮೆಂಟಿಗೆ ಇಳಿಯುವವರೇ ಹೆಚ್ಚು.

2023ರ ಮಾರ್ಚ್‌ನಲ್ಲಿ ನಮ್ಮ ಸಿದ್ಧಾರೂಢ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತಲ್ಲ, 1507 ಮೀಟರ್, ಜಗತ್ತಿನಲ್ಲೇ ಉದ್ದ. ಆ ಸುದ್ದಿಯ ಕೆಳಗೆ ಒಬ್ಬ ಬರೆದಿದ್ದ: ‘ಉದ್ದಂದು ಗೋರಖಪುರದ್ದೋ ಮಾರಾಯಾ, ಸಾಲ್ಯಾಗ ಓದಿಲ್ಲೇನು?’ ಇನ್ನೊಬ್ಬ: ‘ರೊಕ್ಕ ತಗೊಂಡು ಬರದಾರ.’ ಅಷ್ಟು ಸಾಕಾಯಿತು. ನಮ್ಮ ಓಣಿಯ ಹಿರಿಯರೊಬ್ಬರು, ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇರುವವರು, ‘ಎಲ್ಲಾ ಬೊಗಳಿ ಸುದ್ದಿ’ ಎಂದು ಸಾರಿಕೊಂಡು ಅಡ್ಡಾಡಿದರು.

ಗೋರಖಪುರದ ಮಾತೆತ್ತಿದವ ಪೂರ್ತಿ ಸುಳ್ಳು ಹೇಳಿರಲಿಲ್ಲ. ಅಲ್ಲಿನ ಪ್ಲಾಟ್‌ಫಾರ್ಮ್ 1366 ಮೀಟರ್, ಅಲ್ಲಿಯವರೆಗೆ ದಾಖಲೆ ಅದರದೇ. ಅದನ್ನು ಮುರಿದೆವು ಎಂದು ವರದಿಯಲ್ಲೇ ಒಂದು ಸಾಲು ಇದ್ದಿದ್ದರೆ ಜಗಳ ಅಲ್ಲಿಗೇ ಮುಗೀತಿತ್ತು. ಪತ್ರಿಕೆಯವರು ಕೆಳಗೆ ಬಂದು ಉತ್ತರವನ್ನೂ ಕೊಡಲಿಲ್ಲ. ಆ ಎರಡನೆಯವನಿಗೆ ಮಾತ್ರ ನನ್ನ ಹತ್ತಿರ ಮರ್ಯಾದೆಯಿಲ್ಲ. ‘ರೊಕ್ಕ’ ಅನ್ನುವ ಮಾತಿಗೆ ಪುರಾವೆ ಬೇಕಿಲ್ಲ, ಯಾವ ಸುದ್ದಿಗಾದರೂ ಅಂಟಿಸಬಹುದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು, ಕೆಳಗಿನ ಕಮೆಂಟು ಮೇಲಿನ ಬರಹದ ಅರ್ಥವನ್ನೇ ಬದಲಿಸುತ್ತದೆಯೇ ಎಂದು ಪರೀಕ್ಷಿಸಿದ್ದರು. ನ್ಯಾನೊ ಬೆಳ್ಳಿಯ, ಅಂದರೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳನ್ನು ಬಳಸುವ ತಂತ್ರಜ್ಞಾನದ, ಬಗ್ಗೆ ಒಂದೇ ಬರಹ. ಕೆಲವರಿಗೆ ಅದರ ಕೆಳಗೆ ಸಭ್ಯ ಕಮೆಂಟು, ಕೆಲವರಿಗೆ ಬೈಗುಳ. ಬೈಗುಳ ಓದಿದವರಲ್ಲಿ, ಈ ತಂತ್ರಜ್ಞಾನ ಮೊದಲೇ ಹಿಡಿಸದವರಿಗೆ ಅದರ ಅಪಾಯ ದೊಡ್ಡದಾಗಿ ಕಂಡಿತು, ಮೆಚ್ಚಿದವರಿಗೆ ಸಣ್ಣದಾಗಿ. ಬರಹದಲ್ಲಿ ಒಂದಕ್ಷರ ಬದಲಾಗಿರಲಿಲ್ಲ! 2013ರಲ್ಲಿ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆ ಈ ಅಧ್ಯಯನವನ್ನೂ ಮುಂದಿಟ್ಟು ಕಮೆಂಟು ಮುಚ್ಚಿಬಿಟ್ಟಿತು.

ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ನಮ್ಮೂರ ನೀರಿನ ಸುದ್ದಿಯನ್ನೇ ನೋಡಿ. ‘ನಾಳೆ ಈ ಭಾಗಗಳಿಗೆ ನೀರು’ ಎಂದು ಮೇಲೆ ಇರುತ್ತದೆ. ಕೆಳಗೆ ಒಬ್ಬಾಕೆ ಓಣಿ, ಕ್ರಾಸ್ ಸಮೇತ ಬರೆಯುತ್ತಾಳೆ: ‘ವಾರ ಆತ್ರಿ, ನಮ್ಮ ಕಡೆ ಬಿಟ್ಟೇ ಇಲ್ಲ.’ ಜೊತೆಗೆ ತಳ ಕಾಣುವ ಸಿಂಟೆಕ್ಸ್‌ನ ಫೋಟೊ. ಪಕ್ಕದ ಕ್ರಾಸಿನವರು ‘ನಮಗೂ ಇಲ್ಲ’ ಅನ್ನುತ್ತಾರೆ. ಅಲ್ಲಿ ನಾನು ನಂಬುವುದು ಕಮೆಂಟನ್ನೇ. ಅವನ್ನೆಲ್ಲ ಕೂಡಿಸಿ, ನಾಲ್ಕು ಕಡೆ ಫೋನ್ ಹಚ್ಚಿದರೆ ಮರುದಿನದ ವರದಿ ತಯಾರು. ಆದರೆ ಮರುದಿನವೂ ಬರುವುದು ಅದೇ ಪ್ರಕಟಣೆ, ಬಡಾವಣೆಗಳ ಹೆಸರಷ್ಟೇ ಬೇರೆ.